ಪಾಕದ ಹೊತ್ತಿಗೆ ಚಹಾ

ಅಪ್ಪಣೆ ಕೊಡುವುದಕ್ಕೂ ಒಂದು ಮುಖ ಬೇಕು. ಅಂಥ ಮುಖ ನನಗಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೆಲವರನ್ನು ನೋಡಿ, ಹೋಟೆಲಿನಲ್ಲಿ ಕುಳಿತು ಸುಮ್ಮನೆ ಹುಬ್ಬು ಎತ್ತಿದರೆ ಸಾಕು, ನೀರಿನ ಲೋಟ ಎದುರಿಗೆ ಬಂದು ನಿಲ್ಲುತ್ತದೆ. ನಾನು ಹುಬ್ಬು ಎತ್ತಿ, ಕೈ ಎತ್ತಿ, ಕರೆದು, ಕೊನೆಗೆ ನಾನೇ ಎದ್ದು ಹೋಗಿ ತುಂಬಿಕೊಂಡು ಬರುತ್ತೇನೆ. ಹಾಗೆ ಬರುವಾಗ ಪಕ್ಕದ ಟೇಬಲ್ಲಿನವರು ನನ್ನನ್ನೇ ಹೋಟೆಲಿನವನೆಂದು ತಿಳಿದು, "ಇಲ್ಲೊಂದ ಪ್ಲೇಟ ಗಿರಮಿಟ್ ಕೊಡ್ರಿ" ಅನ್ನುತ್ತಾರೆ. ಒಮ್ಮೆ ತಂದು ಕೊಟ್ಟೂ ಇದ್ದೇನೆ. ಅವರಿಗೆ ಬೇಸರವಾಗಬಾರದಲ್ಲ.

ಇಂಥ ನಾನು ಗೋಕಾಕದಲ್ಲಿ ಕರದಂಟು ಮಾಡುವ ಒಂದು ಸಣ್ಣ ಕಾರಖಾನೆಗೆ ಮಾಲೀಕ. ಕಾರಖಾನೆ ಎಂದರೆ ದೊಡ್ಡದೇನೂ ಅಲ್ಲ. ಒಂದು ಉದ್ದನೆಯ ತಗಡಿನ ಕೋಣೆ, ಎರಡು ಕಟ್ಟಿಗೆ ಒಲೆ, ಎರಡು ದೊಡ್ಡ ಕಡಾಯಿ, ಏಳು ಮಂದಿ ಕೆಲಸದವರು ಮತ್ತು ಒಂದು ಫ್ಯಾನು. ಇದನ್ನು ನನ್ನ ಅಪ್ಪ ಕೇವಲ ಕೆಮ್ಮಿನಿಂದ ನಡೆಸುತ್ತಿದ್ದರು. ಬಾಗಿಲಲ್ಲಿ ನಿಂತು ಒಮ್ಮೆ 'ಹ್ಞುಂ' ಎಂದು ಕೆಮ್ಮಿದರೆ ಮಾತು ನಿಲ್ಲುತ್ತಿತ್ತು, ಕೈ ಓಡುತ್ತಿತ್ತು, ಒಲೆಯೊಳಗಿನ ಬೆಂಕಿಯೂ ನೆಟ್ಟಗೆ ಕುಳಿತು ಉರಿಯುತ್ತಿತ್ತು ಎಂದು ನನಗೆ ಆಗ ಅನ್ನಿಸುತ್ತಿತ್ತು. ಅಪ್ಪ ಹೋದ ಮೇಲೆ ನಾನೂ ಬಾಗಿಲಲ್ಲಿ ನಿಂತು ಒಂದು ದಿನ ಕೆಮ್ಮಿ ನೋಡಿದೆ. ಒಬ್ಬರು ಶುಂಠಿ ತಂದು ಕೊಟ್ಟರು. ಇನ್ನೊಬ್ಬರು ಬಿಸಿನೀರು ಕೊಟ್ಟರು. ಪ್ಯಾಕಿಂಗ್ ಮಾಡುವ ಇಮಾಮಸಾಬ, "ತಂಪ ಹವಾಕ್ಕ ತಲಿಗೆ ಟಾವೆಲ್ ಸುತಗೊಂಡ ಬರ್ರಿ ಸಾವ್ಕಾರ್ರ" ಎಂದು ಬುದ್ಧಿ ಹೇಳಿದ. ಅಂದೇ ನಾನು ಕೆಮ್ಮುವುದನ್ನು ಬಿಟ್ಟೆ.

ಆದರೂ ಕಾರಖಾನೆ ನಡೆಯುತ್ತಿತ್ತು. ನಡೆಸುತ್ತಿದ್ದವಳು ಗಂಗಕ್ಕ. ಗಂಗಕ್ಕ ಧುಪದಾಳದವಳು, ನಾನು ಚಡ್ಡಿಯಲ್ಲಿದ್ದಾಗಿನಿಂದ ನಮ್ಮಲ್ಲಿ ಪಾಕ ನೋಡುವವಳು. ಕರದಂಟು ತಿಂದವರಿಗೆ ಅದರ ರುಚಿ ಗೊತ್ತು, ಮಾಡುವವರಿಗೆ ಅದರ ಫಜೀತಿ ಗೊತ್ತು. ತುಪ್ಪದಲ್ಲಿ ಕರಿದ ಮರದ ಅಂಟು, ಒಣಕೊಬ್ಬರಿ, ಉತ್ತತ್ತಿ, ಬದಾಮಿ, ಗೋಡಂಬಿ ಇವನ್ನೆಲ್ಲ ದುಡ್ಡಿದ್ದವರು ಯಾರಾದರೂ ತಂದು ಸುರಿಯಬಹುದು. ಆದರೆ ಬೆಲ್ಲದ ಪಾಕ ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಸ್ವಲ್ಪ ಮೊದಲೇ ಇಳಿಸಿದರೆ ಕರದಂಟು ಕೈಗೆ ಅಂಟುತ್ತದೆ, ಸ್ವಲ್ಪ ತಡವಾದರೆ ಹಲ್ಲು ಕೇಳುತ್ತದೆ. ಆ ಎರಡರ ನಡುವಿನ ಗಳಿಗೆ ಇಷ್ಟೇ ಇಷ್ಟು. ಗಂಗಕ್ಕ ಒಂದು ಬಟ್ಟಲು ನೀರಿನಲ್ಲಿ ಪಾಕದ ಒಂದು ಹನಿ ಬಿಟ್ಟು, ಬೆರಳಿನಿಂದ ಒತ್ತಿ, "ಇಳಸ್ರಿ" ಎಂದರೆ ಇಳಿಸಬೇಕು. ಆ ಬೆರಳಿನ ಲೆಕ್ಕ ಬೇರೆ ಯಾರಿಗೂ ಬಂದಿಲ್ಲ. ನನಗಂತೂ ಬರುವ ಪ್ರಶ್ನೆಯೇ ಇಲ್ಲ. ನಾನು ಮನೆಯಲ್ಲಿ ಹಾಲು ಕಾಯಿಸಲು ನಿಂತರೂ ಅದು ನಾನು ಕಿಟಕಿಯ ಕಡೆ ತಿರುಗುವುದನ್ನೇ ಕಾದು ಉಕ್ಕುತ್ತದೆ.

ಹೀಗಿರುವಾಗ ಒಂದು ಸಂಜೆ ನನ್ನ ಹೆಂಡತಿ ಗಿರಿಜಾ ಮೂಡಲಗಿಯಿಂದ ಬಂದವಳು ಚೀಲವನ್ನೂ ಇಳಿಸದೆ ಒಂದು ಸುದ್ದಿ ಇಳಿಸಿದಳು. ಆಕೆ ಅಲ್ಲಿನ ಸಾಲೆಯೊಂದರಲ್ಲಿ ಟೀಚರು. ಬಸ್‌ಸ್ಟ್ಯಾಂಡಿನಲ್ಲಿ ಧುಪದಾಳದ ಬಸ್ಸಿಗೆ ಕಾಯುತ್ತಿದ್ದ ಗಂಗಕ್ಕ ಸಿಕ್ಕಿದ್ದಳಂತೆ.

"ದಸರಾ ಮುಗೀಲಿ ಬಾಯಾರ, ಇನ್ನ ನಾ ಬರೂದಿಲ್ಲ ಅಂದ್ಲ ನೋಡ್ರಿ."

ನಾನು ಕುಳಿತಲ್ಲಿಂದ ಎದ್ದೆ. "ಯಾಕಂತ?"

"ನಾ ಕೇಳಲಿಲ್ಲ. ಕಾರಖಾನಿ ನಿಮ್ದು, ನೀವ ಕೇಳ್ರಿ."

ಕೇಳಬಹುದಿತ್ತು. ಮರುದಿನ ಬೆಳಿಗ್ಗೆ ಹೋಗಿ "ಯಾಕ ಗಂಗಕ್ಕಾ?" ಎಂದು ಎರಡು ಮಾತು ಕೇಳಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಕೇಳಿದರೆ ಆಕೆ ಹೌದು ಅಂದುಬಿಟ್ಟರೆ? ಕೇಳದೆ ಇದ್ದಷ್ಟು ದಿನ ಅದು ಬರೀ ಬಸ್‌ಸ್ಟ್ಯಾಂಡಿನ ಮಾತಾಗಿ ಉಳಿಯುತ್ತದೆ ಎಂದು ನನ್ನ ಹೇಡಿತನ ನನಗೆ ಸಮಾಧಾನ ಹೇಳಿತು. ಗಂಗಕ್ಕ ಹೋದರೆ ಒಲೆ ಆರುತ್ತದೆ, ಉಳಿದ ಆರು ಮಂದಿಯ ಕೆಲಸವೂ ಹೋಗುತ್ತದೆ, ಅಪ್ಪನ ಕೆಮ್ಮು ಕಟ್ಟಿದ್ದನ್ನು ನನ್ನ ಮೌನ ಮುಚ್ಚಿಸಿತು ಎಂದು ಊರು ಹೇಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಆ ಬಾಗಿಲು ದಾಟಿದಾಗ ಗಂಗಕ್ಕನ ಮಾತು ಕೇಳಿಸದಿದ್ದರೆ ನನಗೆ ನಿಜವಾಗಿಯೂ ದುಃಖವಾಗುತ್ತಿತ್ತು. ಅದನ್ನು ಆಕೆಗೆ ಹೇಳುವುದು ಹೇಗೆ ಎಂದು ಗೊತ್ತಿರಲಿಲ್ಲ, ಅಷ್ಟೆ.

ಅದೇ ವಾರ ಪೇಪರಿನ ಮಡಿಕೆಯೊಳಗೆ ಒಂದು ಹಳದಿ ಚೀಟಿ ಬಂತು. 'ನೌಕರರನ್ನು ಉಳಿಸಿಕೊಳ್ಳುವುದು ಹೇಗೆ? ಹುಕ್ಕೇರಿಯಲ್ಲಿ ಒಂದು ದಿನದ ಶಿಬಿರ. ಊಟ ಸಹಿತ.' ನನಗಾಗಿಯೇ ಬರೆದಂತಿತ್ತು. ಹೊರಡುವ ಮೊದಲು ಕಾರಖಾನೆಗೆ ಹೋಗಿ ಗೋಡೆಗೆ ಒಂದು ಕಾಗದ ಅಂಟಿಸಿದೆ: 'ಕಿಟಕಿ ತೆರೆಯಬಾರದು. ಇಂತಿ, ಮಾಲೀಕರು.' ಬೆಲ್ಲದ ವಾಸನೆಗೆ ಜೇನುಹುಳ ಬಂದು ಮುತ್ತುತ್ತವೆ, ಅದಕ್ಕೆ. ನನ್ನ ಅಪ್ಪಣೆಗಳೆಲ್ಲ ಹೀಗೆ ಕಾಗದದ ಮೇಲೇ ಇರುತ್ತವೆ. ಕಾಗದಕ್ಕೆ ಯಾರೂ ಶುಂಠಿ ತಂದು ಕೊಡುವುದಿಲ್ಲ.

ಹುಕ್ಕೇರಿಯ ಕಲ್ಯಾಣ ಮಂಟಪದಲ್ಲಿ ನನ್ನಂಥವರು ಮೂವತ್ತು ಮಂದಿ ಇದ್ದರು. ಕೆನ್ನೆಗೆ ಮೈಕು ಅಂಟಿಸಿಕೊಂಡ ಒಬ್ಬ ಎಳೆಯ ಭಾಷಣಕಾರ ಬೋರ್ಡಿನ ಮೇಲೆ ಒಂದು ತ್ರಿಕೋನ ಬರೆದು, ತುದಿಯಲ್ಲಿ 'ಮಾಲೀಕ' ಎಂದು ಬರೆದು, ಆಮೇಲೆ ಅದನ್ನು ಅಳಿಸಿ ತ್ರಿಕೋನವನ್ನು ತಲೆಕೆಳಗು ಮಾಡಿದ. ಈಗ ಮಾಲೀಕ ಅಡಿಯಲ್ಲಿ ಬಂದ. "ಮಾಲೀಕನೆಂದರೆ ಸೇವಕ! ನೌಕರರನ್ನು ಹೊತ್ತು ನಿಲ್ಲುವವನು!" ಎಂದ. ನನ್ನ ಬಾಜೂಕ್ಕೆ ಕುಳಿತಿದ್ದ ಹಿಟ್ಟಿನ ಗಿರಣಿಯವರು ಎದ್ದು, "ಹಂಗಾರ ಖುರ್ಚಿ ಮ್ಯಾಲ ಯಾರ ಕುಂಡರಬೇಕ್ರಿ ಸರ್?" ಎಂದು ಕೇಳಿದರು. ಅದಕ್ಕೆ ಉತ್ತರ ಊಟದ ನಂತರ ಎಂದಾಯಿತು. ಊಟದ ನಂತರ ಯಾರಿಗೂ ನೆನಪಿರಲಿಲ್ಲ.

ನನಗೆ ಮಾತ್ರ ಆ ತಲೆಕೆಳಗಾದ ತ್ರಿಕೋನ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಹಾಗೆ ನೋಡಿದರೆ ಇದೇನು ನಮಗೆ ಹೊಸದಲ್ಲ. ಕಾಯಕ, ದಾಸೋಹ ಎಂಬ ಮಾತುಗಳು ನಮ್ಮ ಮನೆಯಲ್ಲಿ ತೊಟ್ಟಿಲಿನಲ್ಲೇ ಕಿವಿಗೆ ಬೀಳುತ್ತವೆ. ನಾನು ಹತ್ತು ವರ್ಷದವನಿದ್ದಾಗಿನಿಂದ ಶ್ರಾವಣದಲ್ಲಿ ಮಠದ ಪಂಕ್ತಿಗೆ ಬಕೆಟ್ಟು ಹಿಡಿದು ಸಾರು ಬಡಿಸುತ್ತಿದ್ದೇನೆ. ಬೆನ್ನು ಬಗ್ಗಿಸಿ ಸಾಲಿನುದ್ದಕ್ಕೂ ಹೋಗುವಾಗ ನಾನು ಯಾರ ಮಾಲೀಕನೂ ಅಲ್ಲ. ಆದರೆ ಬಕೆಟ್ಟು ಇಳಿಸಿ ಕಾರಖಾನೆಗೆ ಬಂದರೆ ಫ್ಯಾನಿನ ಕೆಳಗಿನ ಖುರ್ಚಿಯಲ್ಲಿ ಹೋಗಿ ಕೂಡುತ್ತಿದ್ದೆ. ಮಠಕ್ಕೂ ಕಾರಖಾನೆಗೂ ನಡುವೆ ಒಂದು ಫರ್ಲಾಂಗು ಇರಬಹುದು. ಅಷ್ಟರಲ್ಲಿ ದಾಸೋಹ ಎಲ್ಲಿ ಬಿದ್ದುಹೋಗುತ್ತಿತ್ತೋ ನಾನು ಎಂದೂ ತಿರುಗಿ ನೋಡಿರಲಿಲ್ಲ. ಬಸ್ಸಿನಲ್ಲಿ ಬರುವಾಗ ನನಗೆ ನಾಚಿಕೆಯಾಯಿತು, ಜೊತೆಗೆ ಉತ್ಸಾಹವೂ ಬಂತು. ನಾಚಿಕೆಯಷ್ಟೇ ಬಂದಿದ್ದರೆ ಚೆನ್ನಾಗಿತ್ತು.

"ನಾಳೆಯಿಂದ ನಾನು ಸೇವಕ" ಎಂದು ಮನೆಯಲ್ಲಿ ಘೋಷಿಸಿದೆ.

"ಇವತ್ತಿಂದ ಆಗ್ರಲ್ಲ. ಒಳಗ ಭಾಂಡೆ ಅದಾವ," ಎಂದಳು ಗಿರಿಜಾ.

ಇದು ಕಾರಖಾನೆಗೆ ಸಂಬಂಧಪಟ್ಟ ವಿಷಯ ಎಂದು ಆಕೆಗೆ ವಿವರಿಸಿದೆ. ಆಕೆ ಭಾಂಡೆ ತಿಕ್ಕುತ್ತಲೇ ಕೇಳಿಸಿಕೊಂಡಳು.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಎಂದಿನಂತೆ ಚಹಾದ ಕೆಟಲು ಬಂದಾಗ ಅದನ್ನು ನಾನೇ ಕೈಗೆ ತೆಗೆದುಕೊಂಡೆ. "ಎಲ್ಲಾರೂ ಕುಂಡ್ರಿ, ನಾ ಕೊಡ್ತೇನಿ" ಎಂದೆ. ಕುಳಿತಿದ್ದವರೆಲ್ಲ ಎದ್ದು ನಿಂತರು. ಕಪ್ಪು ಕೈಗಿಟ್ಟರೆ ಯಾರೂ ತುಟಿಗೆ ತಗಲಿಸಲಿಲ್ಲ. ನಾನು ನಿಂತಿರುವಾಗ ಕುಡಿಯುವುದು ಹೇಗೆ ಎಂದು ಅವರು, ಅವರು ಕುಡಿಯದೆ ನಾನು ಹೋಗುವುದು ಹೇಗೆ ಎಂದು ನಾನು. ಚಹಾದ ಮೇಲೆ ಕೆನೆ ಕಟ್ಟಿತು. ಗಂಗಕ್ಕ ಹತ್ತಿರ ಬಂದು ನನ್ನ ಹಣೆಯ ಮೇಲೆ ಕೈಯಿಟ್ಟು ನೋಡಿ, "ಜ್ವರ ಏನ ಇಲ್ಲ" ಎಂದು ಉಳಿದವರಿಗೆ ತಿಳಿಸಿದಳು.

ಎರಡನೆಯ ದಿನ ಕಸಬರಿಗೆ ಹಿಡಿದೆ. ಕಸ ಗುಡಿಸುವುದು ರೇಣುಕಾಳ ಕೆಲಸ. ನಾಗನೂರಿನ ಈ ಹುಡುಗಿ ಮದುವೆಯಾಗಿ ಎರಡು ವರ್ಷವಾದವಳು, ಮಾತು ಸ್ವಲ್ಪ ಜೋರು, ಕೈ ಇನ್ನೂ ಜೋರು. ನಾನು ಗುಡಿಸುವುದನ್ನು ಕಂಡು ಆಕೆ ಬಾಗಿಲಲ್ಲೇ ನಿಂತಳು. ಕಣ್ಣಲ್ಲಿ ನೀರು. "ನಾ ಏನ್ ತಪ್ಪ ಮಾಡೇನ್ರಿ ಸಾವ್ಕಾರ್ರ? ಕೆಲಸಾ ಬಿಡಸೂದಿದ್ರ ಬಾಯಿಲೆ ಹೇಳ್ರಿ." ನಾನು ಗಾಬರಿಯಾಗಿ ಕಸಬರಿಗೆಯನ್ನು ಎರಡೂ ಕೈಯಿಂದ ಎತ್ತಿ, ಸನ್ಮಾನದ ಶಾಲು ಕೊಟ್ಟಂತೆ ಆಕೆಗೆ ಕೊಟ್ಟೆ. ಅಳು ಇನ್ನೂ ಹೆಚ್ಚಾಯಿತು.

ಮೂರನೆಯ ದಿನ ಯಾರಿಗೂ ಕಾಣದಂತೆ ಸೇವೆ ಮಾಡಬೇಕೆಂದು ನಿಶ್ಚಯಿಸಿ, ಬಾಗಿಲ ಹೊರಗೆ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ಚಪ್ಪಲಿಗಳನ್ನು ಅಳತೆಯ ಪ್ರಕಾರ ಸಾಲಾಗಿ ಜೋಡಿಸಿಟ್ಟೆ. ನೋಡಲು ಬಹಳ ಚಂದವಿತ್ತು. ಆದರೆ ಆ ಚೆಲ್ಲಾಪಿಲ್ಲಿಗೆ ಅದರದೇ ಆದ ವ್ಯವಸ್ಥೆ ಇತ್ತಂತೆ. ಯಾರ ಚಪ್ಪಲಿ ಯಾವ ಮೂಲೆಯಲ್ಲಿ ಎಂದು ಅವರ ಕಾಲಿಗೆ ಗೊತ್ತಿತ್ತಂತೆ. ಸಂಜೆ ಬಸ್ಸಿನ ಗಡಿಬಿಡಿಯಲ್ಲಿ ಒಬ್ಬರದು ಒಬ್ಬರು ಹಾಕಿಕೊಂಡು, ಬಿಚ್ಚಿ, ಬದಲಿಸುವಷ್ಟರಲ್ಲಿ ಧುಪದಾಳದ ಬಸ್ಸು ಹೊರಟುಹೋಯಿತು. ಗಂಗಕ್ಕ ಒಂದು ಗಂಟೆ ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕುಳಿತಿದ್ದಳೆಂದು ಗಿರಿಜಾಳಿಂದ ತಿಳಿಯಿತು.

ಅಷ್ಟರಲ್ಲಿ ಇಮಾಮಸಾಬ ಊರಲ್ಲಿ ಒಂದು ಸುದ್ದಿ ಹಬ್ಬಿಸಿದ್ದ. ಸಾವ್ಕಾರ್ರು ಕಾರಖಾನೆ ಮಾರುತ್ತಿದ್ದಾರೆ, ಅದಕ್ಕೇ ಹೋಗುವ ಮೊದಲು ಎಲ್ಲರ ಋಣ ತೀರಿಸುತ್ತಿದ್ದಾರೆ. ಇನ್ನೊಬ್ಬರ ಪ್ರಕಾರ ಬೆಳಗಾವಿಯ ಡಾಕ್ಟರು ನನಗೆ ಏನೋ ಹೇಳಿ ಕಳಿಸಿದ್ದರು. ದಾರಿಯಲ್ಲಿ ಪರಿಚಯದವರೊಬ್ಬರು ಗಾಡಿ ನಿಲ್ಲಿಸಿ, ನನ್ನ ಕೈ ಹಿಡಿದು, "ಧೈರ್ಯಾ ಬಿಡಬ್ಯಾಡ್ರಿ" ಎಂದರು. ನಾನು ಕಾರಣ ಕೇಳದೆ "ಇಲ್ರಿ, ಬಿಡೂದಿಲ್ಲ" ಎಂದೆ.

ನಾಲ್ಕನೆಯ ದಿನದ ಕಥೆ ಹೇಳುವ ಮೊದಲು ನಮ್ಮ ಕಡೆಯ ಚಹಾದ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮಲ್ಲಿ ಚಹಾ ಬೇಡ ಎನ್ನುವ ಹಾಗಿಲ್ಲ. ಈಗಷ್ಟೇ ಕುಡಿದೆ ಎಂದರೆ "ಅರ್ಧಾರೆ ತಗೋರಿ" ಅನ್ನುತ್ತಾರೆ. ಪಿತ್ತ ಎಂದರೆ ಶುಂಠಿ ಹಾಕಿ ಕೊಡುತ್ತಾರೆ. ಅದೂ ಬೇಡ ಎಂದರೆ ಮನೆಯವರ ಮುಖ ಸಣ್ಣದಾಗುತ್ತದೆ, ಮುಂದಿನ ಮದುವೆಯ ಊಟದವರೆಗೂ ಆ ಮಾತು ನಡೆಯುತ್ತದೆ. ಹಾಗಿರುವಾಗ ಸ್ವತಃ ಮಾಲೀಕ ಎದುರಿಗೆ ಬಂದು ಎರಡೂ ಕೈಯಲ್ಲಿ ಕಪ್ಪು ಹಿಡಿದು ನಿಂತರೆ ಬೇಡವೆನ್ನುವ ಧೈರ್ಯ ಯಾರಿಗಿದೆ?

ಅಂದು ಮೂಡಲಗಿಯಿಂದ ದೊಡ್ಡ ಆರ್ಡರು. ಅಲ್ಲಿನ ಒಂದು ಮನೆಯಲ್ಲಿ ಬಹಳ ವರ್ಷಗಳ ಮೇಲೆ ಮಗು ಹುಟ್ಟಿ, ಮರುದಿನ ತೊಟ್ಟಿಲು ಕಾರ್ಯ ಇಟ್ಟುಕೊಂಡಿದ್ದರು. ಬಂದವರಿಗೆಲ್ಲ ಒಂದೊಂದು ಡಬ್ಬಿ ಕರದಂಟು ಕೊಡುವುದೆಂದು ಆ ಮಗುವಿನ ಅಜ್ಜಿ ನಿಶ್ಚಯಿಸಿದ್ದರು. ಸಂಜೆ ನಾಲ್ಕಕ್ಕೆ ಅವರ ಜೀಪು ಬರುವುದಿತ್ತು. ಬೆಳಿಗ್ಗೆಯೇ ಎರಡೂ ಕಡಾಯಿ ಏರಿದ್ದವು, ದೊಡ್ಡದರಲ್ಲಿ ಪಾಕ, ಇನ್ನೊಂದರಲ್ಲಿ ಅಂಟು ಕರಿಯುವ ತುಪ್ಪ. ನಾನು ಕೆಟಲು ಹಿಡಿದು ಒಳಗೆ ಹೋದಾಗ ಗಂಗಕ್ಕ ದೊಡ್ಡ ಕಡಾಯಿಯ ಮುಂದೆ ಮಣೆಯ ಮೇಲೆ ಕುಳಿತು, ಬಟ್ಟಲು ನೀರಿಗೆ ಹನಿ ಬಿಟ್ಟು, ಬೆರಳು ಅದ್ದಿದ್ದಳು. ನಾನು ಹಿಂದಿನಿಂದ, "ಗಂಗಕ್ಕಾ, ಮೊದಲ ನೀ ಚಹಾ ತಗೋ" ಎಂದೆ.

ಆಕೆ ಕಡಾಯಿ ನೋಡಿದಳು, ನನ್ನನ್ನು ನೋಡಿದಳು. ಬೆರಳು ಒರೆಸಿಕೊಂಡು, ಮೊಣಕಾಲ ಮೇಲೆ ಕೈಯೂರಿ ಎದ್ದು, ಸೆರಗು ಸರಿಮಾಡಿ, ಎರಡೂ ಕೈಯಿಂದ ಕಪ್ಪು ತೆಗೆದುಕೊಂಡಳು. "ಹೆಂಗ ಐತಿ?" ಎಂದು ನಾನು ಕೇಳಿದೆ. "ಚಲೋ ಐತ್ರಿ" ಎಂದಳು. ಸಕ್ಕರೆ ಸಾಕೇ ಎಂದು ಕೇಳಿದೆ. ಸಾಕು ಎಂದಳು. ಕುಡಿಯುವವರೆಗೆ ನಿಲ್ಲುವುದು ಸೇವಕನ ಧರ್ಮವೆಂದು ನಾನು ನಿಂತೇ ಇದ್ದೆ. ಆಕೆ ಬಿಸಿ ಚಹಾವನ್ನು ಗಟಗಟ ಕುಡಿದು ತಿರುಗುವಷ್ಟರಲ್ಲಿ ಕಡಾಯಿಯ ಬಣ್ಣವೇ ಬೇರೆಯಾಗಿತ್ತು. ಗಡಿಬಿಡಿಯಲ್ಲಿ ಇಳಿಸಿದರು, ಅಂಟು ಸುರಿದರು, ಕಲಸಿ ತಾಟಿಗೆ ಹರವಿದರು. ಅರ್ಧ ತಾಸಿನ ಮೇಲೆ ಇಮಾಮಸಾಬ ತುಂಡು ಮಾಡಲು ಚಾಕು ಇಟ್ಟ. ಚಾಕು ಬಗ್ಗಿತು. ಸುತ್ತಿಗೆ ತಂದು ಹೊಡೆದ. ಕರದಂಟಿನ ಒಂದು ಚೂರು ಹಾರಿ ತಗಡಿಗೆ ಬಡಿದು ಠಣ್ ಎಂದಿತು.

ಅಪ್ಪನಾಗಿದ್ದರೆ ಒಮ್ಮೆ ಕೆಮ್ಮುತ್ತಿದ್ದರು, ಕೆಮ್ಮಿ ಹೆದರಿಸಲು ನನಗೆ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಅಷ್ಟರಲ್ಲಿ ಗಂಗಕ್ಕ ಮೆಲ್ಲಗೆ, "ನಂದ ತಪ್ಪಾತ್ರಿ ಸಾವ್ಕಾರ್ರ, ಲಕ್ಷ್ಯ ತಪ್ಪಿತು" ಎಂದಳು. ಆ ಮಾತು ನನಗೆ ನೆಟ್ಟಗೆ ಎದೆಗೆ ನಾಟಿತು. ಇಷ್ಟು ವರ್ಷ ಒಂದು ದಿನವೂ ಪಾಕ ತಪ್ಪದ ಹೆಂಗಸು ನನ್ನ ತಪ್ಪನ್ನು ತನ್ನ ತಲೆಯ ಮೇಲೆ ಎತ್ತಿಕೊಂಡು ನಿಂತಿದ್ದಳು. ಹುಕ್ಕೇರಿಯ ತ್ರಿಕೋನದಲ್ಲಿ ಅಡಿಯಲ್ಲಿದ್ದು ಹೊರಬೇಕಾದವನು ನಾನಲ್ಲವೇ?

"ನಿಂದಲ್ಲ, ಖರೆ ಅಂದ್ರ ನಂದ ತಪ್ಪು," ಎಂದೆ. ಆಮೇಲೆ ಇನ್ನೇನು ಹೇಳಬೇಕೋ ತಿಳಿಯದೆ, "ಈಗ ನಾ ಏನ ಮಾಡ್ಲಿ?" ಎಂದು ಕೇಳಿದೆ. ಚಹಾದ ಸಕ್ಕರೆಯ ವಿಷಯ ಬಿಟ್ಟರೆ, ಅಲ್ಲಿ ಮಾಲೀಕನಾದ ಮೇಲೆ ನಾನು ಕೇಳಿದ ಮೊದಲ ಪ್ರಶ್ನೆ ಅದೇ ಇರಬೇಕು. ರೇಣುಕಾ ಉತ್ತತ್ತಿಯ ಬುಟ್ಟಿ ಎಳೆದು, "ಉತ್ತತ್ತಿ ಬೀಜಾ ತಗದ ಹೆಚ್ಚಾಕ ಬರ್ತೈತೇನ್ರಿ?" ಎಂದಳು. ಬರುತ್ತದೆ ಎಂದೆ. ಬರುತ್ತಿರಲಿಲ್ಲ.

ನನಗೆ ಒಲೆಯ ಬಾಜೂಕ್ಕೆ ಒಂದು ಮಣೆ ಕೊಟ್ಟರು. ಕುಳಿತೆ. ಕುಳಿತ ಐದು ನಿಮಿಷಕ್ಕೆ ಕಣ್ಣು ಉರಿಯತೊಡಗಿತು. ಹೊಗೆ ಹೋಗಲು ದಾರಿ ಇರಲಿಲ್ಲ. ಎದುರಿನ ಕಿಟಕಿ ಮುಚ್ಚಿತ್ತು, ಅದರ ಬಾಜೂಕ್ಕೆ 'ಇಂತಿ, ಮಾಲೀಕರು' ಎಂಬ ಕಾಗದ ಮಸಿ ಹಿಡಿದು ನನ್ನನ್ನೇ ನೋಡುತ್ತಿತ್ತು. ಬೆವರು ಮೂಗಿನ ತುದಿಯಿಂದ ಉತ್ತತ್ತಿಯ ಮೇಲೆ ಬೀಳದಂತೆ ಕತ್ತು ತಿರುಗಿಸಿದಾಗ ಮೇಲೆ ಫ್ಯಾನು ಕಂಡಿತು. ಅದು ಜೋರಾಗಿ ತಿರುಗುತ್ತಿತ್ತು. ಕೆಳಗೆ ನನ್ನ ಖಾಲಿ ಖುರ್ಚಿ. ಇಡೀ ಕೋಣೆಯಲ್ಲಿ ಬೆವರದೆ ತಂಪಾಗಿ ಕುಳಿತಿದ್ದುದು ಅದೊಂದೇ. ಹದಿನೈದು ವರ್ಷ ನಾನು ಅಲ್ಲಿ ಕುಳಿತು, ಇವರೆಲ್ಲ ಯಾಕೆ ಇಷ್ಟು ಸಲ ಮುಖ ಒರೆಸಿಕೊಳ್ಳುತ್ತಾರೆ ಎಂದು ಯೋಚಿಸಿದ್ದೆ.

ಗಂಗಕ್ಕ ಪ್ರತಿ ಸಲ ಏಳುವಾಗ ಒಂದು ಕೈ ನೆಲಕ್ಕೆ, ಒಂದು ಕೈ ಮೊಣಕಾಲಿಗೆ ಕೊಟ್ಟು, ಉಸಿರು ಹಿಡಿದು, "ಶಿವಾ" ಎನ್ನುತ್ತಿದ್ದಳು. ಮೆಲ್ಲಗೆ, ಖುರ್ಚಿಯವರೆಗೆ ಬರದಷ್ಟು ಮೆಲ್ಲಗೆ. ಪಾಕ ನೋಡಲು ಕೂಡಬೇಕು, ಬೆಲ್ಲ ತರಲು ಏಳಬೇಕು, ಕಟ್ಟಿಗೆ ಸರಿಮಾಡಲು ಮತ್ತೆ ಕೂಡಬೇಕು. ನಾನು ಉತ್ತತ್ತಿ ಹೆಚ್ಚುವುದನ್ನು ಬಿಟ್ಟು ಅದನ್ನೇ ನೋಡುತ್ತ ಕುಳಿತೆ. "ಬೀಜ ಬಿಟ್ಟೀರಿ ನೋಡ್ರಿ! ಕೂಸಿನ ಅಜ್ಜಿ ಹಲ್ಲ ಮುರೀಬೇಕೇನ?" ಎಂದು ರೇಣುಕಾ ಗದರಿದಳು. ಮಣೆಯ ಮೇಲೆ ಕುಳಿತವನನ್ನು ಮಾಲೀಕನೆಂದು ನೆನಪಿಟ್ಟುಕೊಳ್ಳುವುದು ಆಕೆಗೂ ಕಷ್ಟವಾಗಿತ್ತು. ನನಗೆ ಯಾಕೋ ಬಹಳ ಹಗುರವೆನ್ನಿಸಿತು.

ಎರಡನೆಯ ಸಲ ಏರಿಸಿದ ಪಾಕ ಸರಿಯಾಗಿ ಇಳಿದ ಮೇಲೆ ಗಂಗಕ್ಕ ನನ್ನ ಬಾಜೂಕ್ಕೆ ಕಾಲು ಚಾಚಿ ಕುಳಿತಳು. ಆಗ ಕೇಳಿದೆ. "ದಸರಾ ಆದ ಮ್ಯಾಲ ಬರೂದಿಲ್ಲಂತಲ್ಲ ಗಂಗಕ್ಕಾ? ಖರೇನ?"

"ಮೊಣಕಾಲ ಕೇಳೂದಿಲ್ಲ ತಮ್ಮಾ," ಎಂದಳು. ನಾನು ಚಡ್ಡಿಯಲ್ಲಿದ್ದಾಗ ಹಾಗೇ ಕರೆಯುತ್ತಿದ್ದಳು. "ಕುಂತ್ರ ಏಳಾಕ ಬರವಲ್ದು, ಎದ್ರ ಕುಂಡ್ರಾಕ ಬರವಲ್ದು. ಬಿಡಬೇಕಂತ ಮನಸ ಇಲ್ಲ. ಏನ ಮಾಡ್ಲಿ?"

"ನನಗ ಯಾಕ ಹೇಳಲಿಲ್ಲ?"

"ಯಾವಾಗ ಹೇಳೂದು? ಮೊದಲ ಖುರ್ಚಿ ಮ್ಯಾಲ ಇರ್ತಿದ್ದಿ. ಈಗ ಬಂದ ಬಂದಾಗೊಮ್ಮೆ ಚಹಾ ಹಿಡಕೊಂಡ ನಿಂದರ್ತಿ." ಆಕೆ ನನ್ನ ತಟ್ಟೆಯಿಂದ ಒಂದು ಉತ್ತತ್ತಿ ಎತ್ತಿ ಬೀಜ ಹುಡುಕಿ ತೆಗೆದಳು. "ಮಠದಾಗ ನೀ ಬಡಸೂದ ನೋಡೇನಿ. ಅಲ್ಲೆ ತಾಟ ನೋಡಿ ಬಡಸ್ತಿ. ಅನ್ನ ಮುಗದವಗ ಅನ್ನ, ಸಾರ ಮುಗದವಗ ಸಾರ. ಇಲ್ಲೆ ಹಂಗ ಯಾಕ ಮಾಡವಲ್ಲಿ? ಇಲ್ಲೆ ನಿನ್ನ ಬಕೀಟನ್ಯಾಗ ಇದ್ದದ್ದ ಸುರಕೋತ ಹೊಂಟಿ."

ಹುಕ್ಕೇರಿಯಲ್ಲಿ ಇಡೀ ದಿನ ಕುಳಿತು ನಾಲ್ಕು ಪುಟ ಬರೆದುಕೊಂಡಿದ್ದೆ. ಅದರಲ್ಲಿ ಇದು ಇರಲಿಲ್ಲ.

ಏನಾದರೂ ಹೇಳಬೇಕೆಂದು ಎದ್ದೆ. ಎದ್ದೆ ಎಂದು ನಾನು ತಿಳಿದೆ, ಕಾಲು ತಿಳಿಯಲಿಲ್ಲ. ಎರಡೂ ಕಾಲು ಜೋಮು ಹಿಡಿದು, ನಾನು ಅರ್ಧಕ್ಕೆ ಎದ್ದವನು ಹಾಗೇ ಕೊಬ್ಬರಿಯ ಬುಟ್ಟಿಯ ಮೇಲೆ ಕುಸಿದೆ. ಇಮಾಮಸಾಬ ಒಂದು ರಟ್ಟೆ, ರೇಣುಕಾ ಇನ್ನೊಂದು ರಟ್ಟೆ ಹಿಡಿದು ಎಳೆದರು. ಗಂಗಕ್ಕ ಬೆನ್ನಿಗೆ ಕೈಕೊಟ್ಟು, "ಶಿವಾ ಅನ್ರಿ, ಅಂದ್ರ ಏಳಾಕ ಬರ್ತೈತಿ" ಎಂದಳು. ನಾನು "ಶಿವಾ" ಎಂದೆ. ಇಡೀ ಕೋಣೆ ನಕ್ಕಿತು. ಮೊದಲು ಬಾಯಿಗೆ ಸೆರಗು ಹಿಡಿದು, ಆಮೇಲೆ ಸೆರಗು ಬಿಟ್ಟು. ಅಪ್ಪನ ಕಾಲದಿಂದ ಆ ತಗಡಿನ ಕೆಳಗೆ ಅಷ್ಟು ಜೋರಾದ ನಗು ಕೇಳಿದ ನೆನಪು ನನಗಿಲ್ಲ. ಮೂಡಲಗಿಯ ಜೀಪು ಬಂದಾಗ ಇಮಾಮಸಾಬ ಇನ್ನೂ ನಗುತ್ತ ಕೊನೆಯ ಡಬ್ಬಿಗಳಿಗೆ ದಾರ ಕಟ್ಟುತ್ತಿದ್ದ. ನನ್ನ ಉತ್ತತ್ತಿಯಲ್ಲಿ ಉಳಿದ ಬೀಜದ ಬಗ್ಗೆ ಇದುವರೆಗೆ ಯಾವ ದೂರೂ ಬಂದಿಲ್ಲ.

ಅಂದೇ ಸಂಜೆ ಕಾಗದ ಹರಿದು ಕಿಟಕಿ ತೆಗೆದೆವು. ಜೇನುಹುಳ ಬಾರದಂತೆ ಅದಕ್ಕೆ ತಂತಿಯ ಜಾಳಿಗೆ ಹೊಡೆಸಿದೆವು. ಫ್ಯಾನು ಒಲೆಯ ಕಡೆಗೆ ಬಂತು. ಉಳಿದದ್ದು ಒಲೆ. ನಿಂತು ಪಾಕ ನೋಡುವ ಹಾಗೆ ಎತ್ತರದ ಒಲೆ ಕಟ್ಟಿಸುವುದೆಂದಾಯಿತು. ದಡ್ಡಿ ಎಂಬ ಊರಿನಿಂದ ಒಲೆ ಕಟ್ಟುವ ಗೌಂಡಿ ಬಂದ. ಬರುವ ಹೊತ್ತಿಗೆ ನಾನು ಒಂದು ನಕ್ಷೆ ಬರೆದು ತಯಾರಾಗಿದ್ದೆ. ನನ್ನ ಸೊಂಟಕ್ಕೆ ಟೇಪು ಹಿಡಿದು, ಎರಡು ಸಲ ಅಳೆದು, ಎತ್ತರವನ್ನು ಕೆಂಪು ಶಾಯಿಯಲ್ಲಿ ಬರೆದಿದ್ದೆ. ನಾನು ಆರಡಿಗೆ ಎರಡು ಬೆರಳು ಕಡಿಮೆ. ಗಂಗಕ್ಕ ನನ್ನ ಎದೆಯ ಮಟ್ಟಕ್ಕೆ ಬರುತ್ತಾಳೆ. ಬುದ್ಧಿ ಬರುವುದಕ್ಕೆ ಒಂದು ದಿನ ಮಣೆಯ ಮೇಲೆ ಕುಳಿತರೆ ಸಾಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ಆ ಗಳಿಗೆಯಲ್ಲಿ ನನ್ನನ್ನು ಕಾಪಾಡಿದ್ದು ಕೆಟ್ಟುಹೋದ ಆ ಮೊದಲ ಪಾಕ. ಚೆಲ್ಲಲು ಮನಸ್ಸು ಬಾರದೆ ಇಮಾಮಸಾಬ ಅದನ್ನು ಸುತ್ತಿಗೆಯಿಂದ ಒಡೆದು, ಚೂರುಗಳನ್ನು ಒಂದು ದೊಡ್ಡ ಡಬ್ಬಿಗೆ ತುಂಬಿ ನನ್ನ ಮೇಜಿನ ಮೇಲೆ ಇಟ್ಟಿದ್ದ. ರುಚಿಗೆ ಏನೂ ಕಡಿಮೆಯಿಲ್ಲ. ಕಡಿಯಲು ಹೋಗದೆ ದವಡೆಯಲ್ಲಿಟ್ಟುಕೊಂಡು ಕಾಯಬೇಕು, ಅಷ್ಟೆ. ಗೌಂಡಿ ಬಂದಾಗ ನಾನು ಒಂದು ಚೂರು ಬಾಯಿಗೆ ಹಾಕಿಕೊಂಡಿದ್ದೆ. ಆತ ಟೇಪು ಬಿಚ್ಚಿ, "ಎಷ್ಟ ಎತ್ತರ ಕಟ್ಟೂನ್ರಿ ಸಾವ್ಕಾರ್ರ?" ಎಂದ. ನಾನು ಠೀವಿಯಿಂದ ನಕ್ಷೆ ತೆಗೆಯಲು ಜೇಬಿಗೆ ಕೈಹಾಕಿ, ಹೇಳಲು ಬಾಯಿ ತೆರೆಯಹೋದೆ. ಮೇಲಿನ ದವಡೆ ಕೆಳಗಿನ ದವಡೆಯನ್ನು ಬಿಡಲಿಲ್ಲ. "ಉಂ... ಉಂ..." ಎಂದೆ, ಕೈಯನ್ನು ಗಾಳಿಯಲ್ಲಿ ಎಲ್ಲಿಗೋ ತೋರಿಸಿದೆ. ಅದು ಗಂಗಕ್ಕನ ಕಡೆಗೆ ಹೋಯಿತು. ಗೌಂಡಿ ಆಕೆಯತ್ತ ತಿರುಗಿದ. ಆಕೆ ಒಂದು ಗಳಿಗೆ ನನ್ನನ್ನು ನೋಡಿ, ಮುಂದೆ ಬಂದು, ಮೊಣಕೈ ಮಡಚಿ, ಅದಕ್ಕಿಂತ ಒಂದು ಗೇಣು ಕೆಳಗೆ ತೋರಿಸಿದಳು. "ಇಲ್ಲಿತನಕ ಕಟ್ಟ ತಮ್ಮಾ. ಕಾಲ ಇಡಾಕ ಕೆಳಗ ಒಂದ ಸಂದ ಬಿಡು. ರೇಣುಕಾಗ ಎತ್ತರ ಆಗ್ತೈತಿ, ಆಕಿಗೆ ಒಂದ ಕಲ್ಲ ಹಾಕು." ನನ್ನ ನಕ್ಷೆ ಜೇಬಿನಲ್ಲೇ ಉಳಿಯಿತು. ಅಂದೇ ಹರಿದೆ.

ದಸರಾ ಮುಗಿದು ಎಷ್ಟೋ ವಾರಗಳಾದವು. ಧುಪದಾಳದ ಮೊದಲ ಬಸ್ಸಿಗೆ ಗಂಗಕ್ಕ ಇಳಿಯುತ್ತಾಳೆ, ಚಪ್ಪಲಿಯನ್ನು ತನ್ನ ಮೂಲೆಯಲ್ಲಿ ಬಿಡುತ್ತಾಳೆ, ಒಲೆಯ ಮುಂದೆ ನೆಟ್ಟಗೆ ನಿಲ್ಲುತ್ತಾಳೆ. ರೇಣುಕಾಳಿಗೆ ಪಾಕದ ಬೆರಳು ಕಲಿಸತೊಡಗಿದ್ದಾಳೆ. ನಿಂತು ಕಲಿಸಲು ಸುಲಭವಂತೆ, ಇಬ್ಬರಿಗೂ ಒಂದೇ ಕಡಾಯಿ ಕಾಣುತ್ತದಂತೆ. ಮೊನ್ನೆ ಗಿರಿಜಾಳಿಗೆ ಹೇಳಿದಳಂತೆ: "ಸಾವ್ಕಾರ್ರು ಈಗ ಭಾಳ ತಿಳುವಳಿಕಿಯವ್ರ ಆಗ್ಯಾರ್ರಿ ಬಾಯಾರ. ಮೊದಲ ನಮ್ಮ ಮಾತ ಪೂರಾ ಕೇಳ್ತಾರ, ನಡುವ ಬಾಯಿ ಹಾಕೂದಿಲ್ಲ."

ಗಿರಿಜಾ ನನ್ನನ್ನು ವಿಚಿತ್ರವಾಗಿ ನೋಡಿದಳು. ಮನೆಯಲ್ಲಿ ಹಾಗೇನೂ ಕಂಡಿರಲಿಲ್ಲ ಆಕೆಗೆ. ಗುಟ್ಟು ನಾನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ. ಅಪ್ಪಣೆ ಕೊಡಬೇಕೆಂದು ಅನ್ನಿಸಿದಾಗಲೆಲ್ಲ, ಕಾಗದ ಅಂಟಿಸಲು ಕೈ ತುರಿಸಿದಾಗಲೆಲ್ಲ, ಯಾರಾದರೂ ಬಂದು "ಸಾವ್ಕಾರ್ರ, ಒಂದ ಮಾತ ಹೇಳೂದಿತ್ತು" ಎಂದಾಗಲೆಲ್ಲ ನಾನು ಡಬ್ಬಿಯಿಂದ ಒಂದು ಚೂರು ತೆಗೆದು ದವಡೆಗೆ ಇಟ್ಟುಕೊಳ್ಳುತ್ತೇನೆ. ಕಾಲು ತಾಸು ನಾನು ಬಾಯಿ ಬಿಡುವ ಹಾಗಿಲ್ಲ. ಅಷ್ಟರಲ್ಲಿ ಅವರು ಹೇಳಬೇಕಾದದ್ದನ್ನು ಹೇಳಿ ಮುಗಿಸುತ್ತಾರೆ, ಹಲವು ಸಲ ದಾರಿಯನ್ನೂ ತಾವೇ ಹುಡುಕಿಕೊಂಡಿರುತ್ತಾರೆ. ನಾನು ತಲೆಯಾಡಿಸುತ್ತೇನೆ. ಎಲ್ಲರೂ ಅದನ್ನು ವಿನಯ ಎಂದು ತಿಳಿದಿದ್ದಾರೆ.

ಈಗ ಇರುವ ತೊಂದರೆ ಒಂದೇ, ಡಬ್ಬಿ ತಳ ಕಂಡಿದೆ. ಇನ್ನು ನಾಲ್ಕೈದು ಚೂರು ಉಳಿದಿರಬಹುದು. ಅವು ಮುಗಿದರೆ ನನ್ನ ತಿಳುವಳಿಕೆಯೂ ಮುಗಿಯುತ್ತದೆ ಎಂದು ಹೆದರಿ, ನಿನ್ನೆ ಗಂಗಕ್ಕನ ಹತ್ತಿರ ಹೋಗಿ ಡಬ್ಬಿ ತೋರಿಸಿ, ಇನ್ನೊಂದು ಸಣ್ಣ ಪಾಕ ಹಾಗೇ ಕೆಡಿಸಿ ಕೊಡಲು ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದೆ. ಆಕೆ ಕಡಾಯಿಯಿಂದ ಕಣ್ಣು ತೆಗೆಯಲೇ ಇಲ್ಲ.

"ಅದಕ್ಕ ನಾ ಯಾಕ ಬೇಕ್ರಿ ಸಾವ್ಕಾರ್ರ?" ಎಂದಳು. "ನೀವ ಒಂದ ಸಲ ಚಹಾ ತಗೊಂಡ ಬರ್ರಲ್ಲ."